ಹಿಡಿಗೆ ಕಟ್ಟಿದ ತಪ್ಪುಗಾಣಿಕೆ

ಮಲವಗೊಪ್ಪ ದಾಟಿ ಭದ್ರಾವತಿ ರಸ್ತೆ ಬಿಟ್ಟು ಒಳಗೆ ಇಳಿದರೆ ಹದಿನೈದು ಮನೆಗಳಿವೆ. ಅವುಗಳಲ್ಲಿ ಲಿಂಗಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಹನ್ನೊಂದು ಗಂಟೆಯಿಂದ ಮೂರು ಗಂಟೆಯವರೆಗೆ ಗುರ್ರೆನ್ನುತ್ತಿರುವ ಮನೆ ಅದೇ. ಒಳಗೆ ಗ್ರೈಂಡರಿನ ಮುಂದೆ ಮಣೆ ಹಾಕಿ ಕೂತವಳು ಅವಳ ಸೊಸೆ ಸಂಧ್ಯಾ.

ಗ್ರೈಂಡರು ಬಂದ ಕತೆಯನ್ನು ಲಿಂಗಮ್ಮ ಬಂದವರಿಗೆಲ್ಲ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಎಂದು ಅವಳ ಹೆಸರಿತ್ತು. ಕಾರ್ಡು ಬಿಟ್ಟರೆ ಬೇರೆ ಯಾರೂ ಅವಳನ್ನು ಯಜಮಾನಿ ಎಂದವರಲ್ಲ. ಗಂಡ ಇದ್ದಷ್ಟು ದಿನ ‘ಏ ಇವಳೇ’ ಆಗಿದ್ದಳು, ಅವನು ಹೋದ ಮೇಲೆ ಯುವರಾಜನ ಅಮ್ಮ ಆದಳು. ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ ಎರಡು ಸಾವಿರದಂತೆ ಅವಳ ಖಾತೆಗೆ ಬೀಳತೊಡಗಿದಾಗ ಬಾಡಿಗೆ ಲಗೇಜ್ ಆಟೋ ಓಡಿಸುವ ಮಗ ಎರಡು ಸಲ ಕೇಳಿ ನೋಡಿದ. ಮುದುಕಿ ಜಪ್ಪಯ್ಯ ಅನ್ನಲಿಲ್ಲ. ವರ್ಷ ತುಂಬಿದ ಮೇಲೆ ಸೊಸೆಯನ್ನು ಕರೆದುಕೊಂಡು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಳು, ಹೋಟೆಲಿನವರು ಇಟ್ಟುಕೊಳ್ಳುವಂಥ ದೊಡ್ಡ ಗ್ರೈಂಡರನ್ನು ತೋರಿಸಿ, ‘ಇದನ್ನ ಕೊಡಪ್ಪ’ ಎಂದಳು.

ಅಷ್ಟು ಧೈರ್ಯ ಬರಲು ಕಾರಣ ಸಂಧ್ಯಾಳ ಕೈಗುಣ. ಅವಳು ಕಲಸಿಟ್ಟ ಇಡ್ಲಿ ಹಿಟ್ಟು ಚಳಿಗಾಲದಲ್ಲೂ ಪಾತ್ರೆ ತುಂಬಿ ಉಬ್ಬುತ್ತದೆ. ರುಬ್ಬಿದ ಉದ್ದನ್ನು ಒಂದು ಚೂರು ನೀರಿಗೆ ಹಾಕುತ್ತಾಳೆ, ತೇಲಿದರೆ ಸಾಕು, ಮುಳುಗಿದರೆ ಇನ್ನೆರಡು ಸುತ್ತು. ಲಿಂಗಮ್ಮ ಒಮ್ಮೆ ತಾನೇ ರುಬ್ಬುತ್ತೇನೆಂದು ಕೂತಳು. ಆ ದಿನದ ಇಡ್ಲಿಯನ್ನು ನಾಯಿಯೂ ಮೂಸಿ ನೋಡಿ ಹೋಯಿತು. ಅಲ್ಲಿಂದ ಮುಂದೆ ಕೈ ಸಂಧ್ಯಾಳದು, ಬಾಯಿ ಲಿಂಗಮ್ಮನದು ಎಂದು ತೀರ್ಮಾನವಾಯಿತು.

ವ್ಯಾಪಾರ ಕುದುರಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಯುವರಾಜ ಬೆಳಗಿನ ಜಾವ ಹಿಟ್ಟಿನ ಡಬ್ಬಗಳನ್ನು ಆಟೋಕ್ಕೆ ಹೇರಿಕೊಂಡು ಭದ್ರಾವತಿಯ ನ್ಯೂ ಟೌನ್‌ಗೆ ಹೋಗುತ್ತಾನೆ. ಕಾರ್ಖಾನೆ ಕ್ವಾರ್ಟರ್ಸಿನ ತಮಿಳರು, ತೆಲುಗರು ಇಡ್ಲಿ ವಿಷಯದಲ್ಲಿ ಸುಲಭಕ್ಕೆ ಯಾರನ್ನೂ ಮೆಚ್ಚುವವರಲ್ಲ, ಅವರೇ ಮೆಚ್ಚಿದರು. ಅರ್ಧಕ್ಕರ್ಧ ಹಿಟ್ಟು ಅಲ್ಲಿ ಮೆಸ್ಸು ನಡೆಸುವ ಶೇಷಮ್ಮನೊಬ್ಬಳಿಗೇ ಹೋಗುತ್ತಿತ್ತು. ಮನೆಗೆ ಫ್ರಿಜ್ಜು ಬಂತು. ಸಂಧ್ಯಾಳ ಮಗಳು ಸಿರಿಗೆ ಹೊಸ ಶೂ ಬಂತು. ಸೋರುತ್ತಿದ್ದ ಮಾಡಿಗೆ ಶೀಟು ಬಿತ್ತು. ಇದೆಲ್ಲ ಸಂಧ್ಯಾಳಿಗೂ ಖುಷಿಯೇ. ಹೋದದ್ದು ಒಂದೇ, ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ಆ ಮನೆಯಲ್ಲಿ ಹೆಂಗಸರು ತಿಂಗಳ ಮೂರು ದಿನ ಹೊರಗೆ ಕೂರಬೇಕು. ಜಗುಲಿಯ ಕೊನೆಗೆ ಒಂದು ಮೂಲೆ, ಒಂದು ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಮದುವೆಯಾದ ಹೊಸದರಲ್ಲಿ ಸಂಧ್ಯಾ ಅಲ್ಲಿ ಕೂತು ಅತ್ತಿದ್ದಳು, ಏಕೆಂದರೆ ಅವಳ ತವರಿನಲ್ಲಿ ಈ ಪದ್ಧತಿಯೇ ಇರಲಿಲ್ಲ. ಆಗ ಲಿಂಗಮ್ಮನೇ ಹೇಳಿದ್ದಳು, ‘ಇಲ್ಲಿ ಮೂಲೇಲಿ ಮುಖ ಊದಿಸ್ಕೊಂಡು ಕೂರೋ ಬದ್ಲು ಹೊಳೆಹೊನ್ನೂರಿಗೆ ಹೋಗಿ ಬಾ ಮಾರಾಯ್ತಿ. ಮೂರು ದಿನ ನಿಮ್ಮಮ್ಮನ ಹತ್ರ ಇದ್ದು ಬಾ.’ ಅಂದಿನಿಂದ ಪ್ರತಿ ತಿಂಗಳೂ ಸಂಧ್ಯಾ ಬ್ಯಾಗು ಹಿಡಿದು ಬಸ್ಸು ಹತ್ತುತ್ತಿದ್ದಳು. ಒಂಟಿ ಹೆಂಗಸು ಪುಷ್ಪಮ್ಮ ಮಗಳ ತಲೆಗೆ ಎಣ್ಣೆ ಹಚ್ಚಿ, ಅಡುಗೆಮನೆಯಲ್ಲೇ ಪಕ್ಕದಲ್ಲಿ ಕೂರಿಸಿಕೊಂಡು, ಹೊಟ್ಟೆ ತುಂಬ ಮಾತಾಡುತ್ತಿದ್ದಳು. ಏಳು ವರ್ಷ ಹೀಗೆ ನಡೆಯಿತು. ಬೇರೆ ಸೊಸೆಯಂದಿರು ಶಾಪ ಹಾಕುವ ಮೂರು ದಿನಗಳಿಗೆ ಇವಳು ಕ್ಯಾಲೆಂಡರ್ ನೋಡಿಕೊಂಡು ಕಾಯುತ್ತಿದ್ದಳು.

ಗ್ರೈಂಡರು ಬಂದ ಮೊದಲ ತಿಂಗಳು ಸಂಧ್ಯಾ ಎಂದಿನಂತೆ ಬ್ಯಾಗು ತೆಗೆದಳು. ಲಿಂಗಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅರಿಸಿನದ ಬಟ್ಟೆಯ ಚೂರಿನಲ್ಲಿ ಒಂದು ರೂಪಾಯಿ ನಾಣ್ಯ ಗಂಟು ಕಟ್ಟಿ, ಗ್ರೈಂಡರಿನ ಹಿಡಿಗೆ ಬಿಗಿದು, ಕೈ ಮುಗಿದಳು. ‘ತಪ್ಪುಗಾಣಿಕೆ ಕಟ್ಟಿದೀನಿ. ಹೊಟ್ಟೆಪಾಡಿಗೆ ದೇವರು ಏನೂ ಅನ್ಕೊಳ್ಳಲ್ಲ. ಅಕ್ಕಿ ನೆನೆಸು.’

ದೇವರ ಬಾಯಿ ಮುಚ್ಚಿಸುವುದು ಎಷ್ಟು ಸಲೀಸು ನೋಡಿ. ಏಳು ವರ್ಷ ಮುರಿಯದ ಶಾಸ್ತ್ರ ಒಂದು ರೂಪಾಯಿಗೆ ಮುರಿಯಿತು. ಓದಿದ ಹೆಂಗಸರು ಯಾರಾದರೂ ಕೇಳಿದ್ದರೆ ಒಳ್ಳೆಯದಾಯಿತು ಎನ್ನುತ್ತಿದ್ದರು, ಸಂಧ್ಯಾ ಕೂಡ ಯಾರೆದುರೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಆ ಮೂಲೆ ಹೋದದ್ದರ ಜೊತೆಗೆ ಹೊಳೆಹೊನ್ನೂರಿನ ಬಸ್ಸೂ ಹೋಯಿತು. ಇಡ್ಲಿ ತಿನ್ನುವವರಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಹಬ್ಬಕ್ಕೆ ಇನ್ನೂ ಹತ್ತು ಕೆಜಿ ಜಾಸ್ತಿ. ತಿಂಗಳಿಗೊಂದರಂತೆ ಹಿಡಿಯಲ್ಲಿ ಎಂಟು ಹಳದಿ ಗಂಟುಗಳಾದವು. ಗ್ರೈಂಡರು ತಿರುಗುವಾಗ ಅವು ಅದುರುತ್ತಿದ್ದವು, ಸಂಧ್ಯಾ ಅವನ್ನೇ ನೋಡುತ್ತ ಕೂರುತ್ತಿದ್ದಳು.

ಹಾಗಿರುವಾಗ ಪುಷ್ಪಮ್ಮನ ಫೋನು ಬಂತು. ‘ಸೋಮವಾರ ಶಿವಮೊಗ್ಗದಲ್ಲಿ ಕಣ್ಣಿನ ಪೊರೆ ತೆಗೀತಾರಂತೆ ಕಣೆ. ಜೊತೆಗೆ ಒಬ್ರು ಇರ್ಬೇಕಂತೆ, ಡ್ರಾಪ್ಸ್ ಹಾಕೋಕೆ. ಮೂರು ದಿನ ಬಂದು ಹೋಗ್ತೀಯಾ?’

ಸಂಧ್ಯಾ ಅವತ್ತೇ ಅತ್ತೆಯನ್ನು ಕೇಳಿದಳು. ಲಿಂಗಮ್ಮ, ‘ಹೋಗು, ಬೇಡ ಅಂದೋರ್ಯಾರು’ ಎಂದಳು, ಅದರ ಬೆನ್ನಿಗೇ, ‘ಆದ್ರೆ ಹಿಟ್ಟು?’ ಎಂದಳು. ಯುವರಾಜ ಊಟದ ತಟ್ಟೆಯಿಂದ ತಲೆ ಎತ್ತದೆ, ‘ಶೇಷಮ್ಮ ಒಂದಿನ ತಪ್ಪಿದ್ರೂ ಬೇರೆಯವ್ರನ್ನ ನೋಡ್ಕೊತಾರೆ. ನೋಡೋಣ ತಡಿ’ ಎಂದ. ಅವನು ನೋಡೋಣ ಎಂದನೆಂದರೆ ಯಾರೂ ನೋಡುವುದಿಲ್ಲ ಎಂದೇ ಅರ್ಥ. ಯಾರೂ ಗದರಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಜಗಳವಾಡಲು ಎದುರಿಗೆ ಒಬ್ಬರಾದರೂ ಬೇಕಲ್ಲ?

ಭಾನುವಾರ ಬೆಳಿಗ್ಗೆ ಅವಳಿಗೊಂದು ದಾರಿ ಹೊಳೆಯಿತು. ಶೇಷಮ್ಮ ಮಹಾ ಮಡಿವಂತೆ. ತುಳಸಿಗೆ ನೀರು ಹಾಕದೆ ಕಾಫಿ ಕುಡಿಯುವವಳಲ್ಲ ಎಂದು ಯುವರಾಜನೇ ಹೇಳಿದ್ದ. ಅವಳೇ ಹಿಟ್ಟು ಬೇಡ ಎಂದುಬಿಟ್ಟರೆ ಮನೆಯಲ್ಲಿ ಯಾರೂ ಏನೂ ಅನ್ನುವಂತಿಲ್ಲ. ಅಷ್ಟರಲ್ಲಿ ಶೇಷಮ್ಮನದೇ ಫೋನು ಬಂತು, ನಾಳೆ ಐದು ಕೆಜಿ ಹೆಚ್ಚಿಗೆ ಬೇಕೆಂದು.

‘ಅಮ್ಮ, ನಾನು ಹೊರಗಾಗಿದೀನಿ’ ಎಂದಳು ಸಂಧ್ಯಾ. ಹೇಳಿದ್ದು ಸುಳ್ಳು. ‘ಮೂರು ದಿನ ಹಿಟ್ಟು ಮುಟ್ಟೋ ಹಾಗಿಲ್ಲ. ನಿಮ್ಗೆ ಹೇಳ್ದೆ ಕೊಡೋದು ಸರಿ ಅಲ್ಲ ಅಂತ.’

ಶೇಷಮ್ಮ ನಿಧಾನವಾಗಿ ಕೇಳಿದಳು. ‘ಅಲ್ಲಮ್ಮ, ಎಂಟು ತಿಂಗಳಿಂದ ಒಂದು ದಿನಾನೂ ಹಿಟ್ಟು ತಪ್ಪಿಲ್ಲ. ಆವಾಗೆಲ್ಲ?’

ಸಂಧ್ಯಾ ಇದನ್ನು ಯೋಚಿಸಿರಲೇ ಇಲ್ಲ. ಮೂರು ದಿನದ ಬಿಡುವು ಕೇಳಲು ಹೋಗಿ ಫ್ರಿಜ್ಜು, ಶೀಟು, ಸಿರಿಯ ಶೂ ಎಲ್ಲವನ್ನೂ ಹೊಳೆಗೆ ಹಾಕುವಂತಾಯಿತಲ್ಲ.

‘ನೋಡು,’ ಎಂದಳು ಶೇಷಮ್ಮ, ‘ನೀನು ಹೇಳಿಲ್ಲ, ನಾನು ಕೇಳಿಲ್ಲ. ನಿನ್ನ ಹಿಟ್ಟು ಇಲ್ದಿದ್ರೆ ನನ್ನ ಮೆಸ್ಸು ನಡಿಯಲ್ಲ. ಇನ್ಮೇಲೆ ಇಂಥದ್ದೆಲ್ಲ ನನ್ನ ಕಿವಿಗೆ ಹಾಕ್ಬೇಡ. ನಾಳೆ ಐದೂವರೆಗೆ ಕಳ್ಸು, ಐದು ಕೆಜಿ ಮರೀಬೇಡ.’

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಲಿಂಗಮ್ಮ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು ಎಂಬುದು ಮುಖದಲ್ಲೇ ಇತ್ತು.

‘ಕೊನೇ ಗಂಟು ಕಟ್ಟಿ ಹನ್ನೆರಡು ದಿನ ಆಯ್ತು’ ಎಂದಳು. ‘ಕಟ್ಟೋಳು ನಾನು. ನಂಗೆ ಗೊತ್ತಾಗಲ್ವಾ?’

ಬೈಗುಳ ಬರುತ್ತದೆಂದು ಸಂಧ್ಯಾ ತಲೆ ತಗ್ಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಎರಡು ಮಾತಾಡಬಹುದಿತ್ತು. ಲಿಂಗಮ್ಮ ಗ್ರೈಂಡರಿನ ಪಕ್ಕದಲ್ಲಿ ಕುಸಿದು ಕೂತಳು.

‘ನಂಗೂ ಆ ಮೂಲೆ ಅಂದ್ರೆ ಇಷ್ಟ ಇತ್ತು ಕಣೆ. ಅಲ್ಲಿ ಕೂತಾಗ ಮಾತ್ರ ನಿಮ್ಮ ಮಾವ ಏ ಇವಳೇ ಅಂತ ಕರೀತಿರ್ಲಿಲ್ಲ. ಮುಟ್ಟು ನಿಂತ ಮೇಲೆ ನಂಗೆ ಒಂದು ದಿನ ರಜಾ ಸಿಕ್ಕಿಲ್ಲ. ನಿನ್ನ ರಜಾ ಕಿತ್ಕೊಂಡಿದ್ದು ಗೊತ್ತು. ಗೊತ್ತಿದ್ದೇ ಕಿತ್ಕೊಂಡೆ. ಏನ್ ಮಾಡ್ಲಿ, ಯಜಮಾನಿ ಅನ್ನಿಸ್ಕೊಂಡು ಇದೊಂದು ಮಾಡಿದೀನಿ, ಇದು ನಿಂತ್ರೆ ನಾನು ಮತ್ತೆ ಯಾರು?’ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ‘ಯುವರಾಜ ಹೋಗಿ ನಿಮ್ಮಮ್ಮನ್ನ ಆಸ್ಪತ್ರೆಯಿಂದ ಸೀದಾ ಇಲ್ಲಿಗೇ ಕರ್ಕೊಂಡು ಬರ್ಲಿ. ಎಷ್ಟು ದಿನ ಬೇಕಾದ್ರೂ ಇರ್ಲಿ. ನಾನೇ ನೋಡ್ಕೊತೀನಿ.’

ಅದರಲ್ಲಿ ಕಪಟವಿರಲಿಲ್ಲ. ಅದಕ್ಕೇ ಸಂಧ್ಯಾಳಿಗೆ ಬೇಡ ಎನ್ನಲಾಗಲಿಲ್ಲ. ಎಂಟು ತಿಂಗಳಿಂದ ಒಂದು ಕಿಂಡಿ ಹುಡುಕುತ್ತಿದ್ದವಳಿಗೆ, ಅದನ್ನೂ ಇವರು ಪ್ರೀತಿಯಿಂದಲೇ ಮುಚ್ಚಿದರು ಎನ್ನಿಸಿತು. ಅವಳು ಹೋಗಿ ಅಕ್ಕಿ ನೆನೆಸಿದಳು.

ಸೋಮವಾರ ಆಸ್ಪತ್ರೆಗೂ ಅವಳು ಹೋಗಲಿಲ್ಲ. ಮಧ್ಯಾಹ್ನ ಕರೆಂಟು ತೆಗೆಯುತ್ತಾರೆಂದು ಸುದ್ದಿ ಬಂದದ್ದರಿಂದ ಬೆಳಿಗ್ಗೆಯೇ ರುಬ್ಬಬೇಕಾಯಿತು. ಪುಷ್ಪಮ್ಮನ ಜೊತೆಗೆ ಹೊಳೆಹೊನ್ನೂರಿನ ಪಕ್ಕದ ಮನೆಯವಳು ಕೂತಿದ್ದಳು. ಮಂಗಳವಾರ ಪಟ್ಟಿ ಬಿಚ್ಚಿದ ಮೇಲೆ ಯುವರಾಜ ಅತ್ತೆಯನ್ನು ಆಟೋದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ. ಕಪ್ಪು ಕನ್ನಡಕ ಹಾಕಿಕೊಂಡ ಪುಷ್ಪಮ್ಮನಿಗೆ ಗಾಳಿ ಬರಲೆಂದು ಲಿಂಗಮ್ಮ ಜಗುಲಿಯ ಕೊನೆಯ ಮೂಲೆಯಲ್ಲೇ ಚಾಪೆ ಹಾಸಿ, ಎರಡು ದಿಂಬು ಇಟ್ಟಳು. ಅಲ್ಲಿಂದ ಬಾಗಿಲಿನ ಒಳಗೆ ಗ್ರೈಂಡರು ಕಾಣುತ್ತದೆ.

ಸಂಧ್ಯಾ ಕೈ ತೊಳೆದು ಬಂದು ತಾಯಿಯ ಕಣ್ಣಿಗೆ ಔಷಧಿ ಬಿಟ್ಟಳು. ಪುಷ್ಪಮ್ಮ ಮಗಳ ಮುಖವನ್ನು ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ‘ಎಷ್ಟು ಇಳಿದು ಹೋಗಿದೀಯೇ’ ಎಂದಳು. ಅಷ್ಟರಲ್ಲಿ ಉದ್ದು ರುಬ್ಬುವ ಹೊತ್ತಾಯಿತು. ಸಂಧ್ಯಾ ಒಳಗೆ ಹೋಗಿ ಮಣೆಯ ಮೇಲೆ ಕೂತಳು.

ಪುಷ್ಪಮ್ಮನ ಕಣ್ಣಿಗೆ ಈಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಕೂತಲ್ಲಿಂದಲೇ ಕೇಳಿದಳು. ‘ಆ ಹಿಡಿಗೆ ಅದೇನೇ ಹಳದಿ ಗಂಟು, ಅಷ್ಟೊಂದು?’

‘ದೇವರಿಗೆ ಕಟ್ಟಿದ್ದಮ್ಮ, ತಪ್ಪುಗಾಣಿಕೆ’ ಎಂದಳು ಸಂಧ್ಯಾ.

ಗ್ರೈಂಡರಿನ ಪಕ್ಕ ತಣ್ಣೀರಿನ ಚೊಂಬು ಹಿಡಿದು ನಿಂತಿದ್ದ ಲಿಂಗಮ್ಮ ಬೀಗಿತ್ತಿಯ ಕಡೆ ತಿರುಗಿದಳು. ‘ದೇವರಿಗಲ್ಲ ಪುಷ್ಪಮ್ಮ. ಎಂಟೂ ನಿಮಗೆ ಕಟ್ಟಿದ್ದು’ ಎಂದಳು, ಮತ್ತು ತಾನೇ ಕೈ ಚಾಚಿ ಸ್ವಿಚ್ಚು ಹಾಕಿದಳು.

ಜಗುಲಿಯಲ್ಲಿ ಪುಷ್ಪಮ್ಮ ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು, ಗ್ರೈಂಡರಿನ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಸಂಧ್ಯಾ ಬೊಗಸೆ ತುಂಬ ಉದ್ದು ತೆಗೆದು ಕಲ್ಲಿಗೆ ಹಾಕಿದಳು.