ಹೊಗೆಯಿಲ್ಲದ್ದು

“ನನಗಲ್ಲ ಅಕ್ಕ, ಇವ್ರಿಗೆ,” ಎಂದಳು ಶಿವಗಂಗವ್ವ. ಚಾಚಿದ ಅಂಗೈ ಹಾಗೆಯೇ ಇತ್ತು.

ತಿಪ್ಪವ್ವನ ಕೈ ಆಗಲೇ ಸೊಂಟದ ಸಂಚಿಯೊಳಗೆ ಹೋಗಿ ಮಿಶ್ರಿಯ, ಹುರಿದ ತಂಬಾಕಿನ ಹಲ್ಲುಪುಡಿಯ, ಡಬ್ಬಿಯನ್ನು ಹಿಡಿದಿತ್ತು. ಅಲ್ಲೇ ನಿಂತಿತು. ಈ ಹುಡುಗಿ ವಾರ್ಡಿಗೆ ಬಂದಾಗಿನಿಂದ ಇಬ್ಬರೂ ಬೆಳಿಗ್ಗೆ ವರಾಂಡದ ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು ಒಂದೇ ಡಬ್ಬಿಯಿಂದ ಹಲ್ಲು ತಿಕ್ಕಿಕೊಂಡಿದ್ದರು. ಪುಣೆಯ ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕನ್ನಡದ ಬಾಯಿ ಸಿಕ್ಕಿತಲ್ಲ ಎಂದು ಮೊದಲ ದಿನ ಶಿವಗಂಗವ್ವ ಅತ್ತೇಬಿಟ್ಟಿದ್ದಳು. ಅವಳ ಗಂಡ ಅಂಬಾರಾಯ ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ಡ್ರಮ್ಮು ತುಂಬುವವನು. ಗಂಟಲಲ್ಲಿ ಏನೋ ಬೆಳೆದು ಧ್ವನಿ ಹರಿದ ಬಟ್ಟೆಯಂತಾಗಿತ್ತು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರು, ಉತ್ತರ ಇನ್ನೂ ಬಂದಿರಲಿಲ್ಲ. ಈಗ ಸ್ವಲ್ಪ ಹೊತ್ತಿನ ಮುಂಚೆ ಸಿಸ್ಟರ್ ಅವನ ದಿಂಬಿನ ಕೆಳಗಿದ್ದ ಬೀಡಿ ಕಟ್ಟನ್ನು ಹುಡುಕಿ ತೆಗೆದು, ಇಡೀ ವಾರ್ಡಿಗೆ ಕೇಳುವಂತೆ ಬೈದು ಹೋಗಿದ್ದಳು.

“ಬೀಡಿ ಇಲ್ಲಂದ್ರ ಹುಚ್ಚ ಹಿಡದಂಗ ಮಾಡಾಕ ಹತ್ಯಾರ. ನನ್ನ ಮ್ಯಾಲ ಗ್ಲಾಸ್ ಒಗದ್ರು ನೋಡು,” ಎಂದು ಮೊಣಕೈ ತೋರಿಸಿದಳು. “ಡಾಕ್ಟ್ರು ಹೊಗಿ ಒಂದ ಬ್ಯಾಡ ಅಂದಾರ. ಇದ್ರಾಗ ಹೊಗಿ ಇಲ್ಲಲ್ಲ ಅಕ್ಕ. ಒಂದೀಟು ಕೊಡು, ಗಲ್ಲದಾಗ ಇಟ್ಕೊಂಡು ಸುಮ್ಮ ಮಲಗ್ತಾರ.”

ತಿಪ್ಪವ್ವ ಪಕ್ಕದ ಮಂಚದ ಕಡೆ ನೋಡಿದಳು. ಅವಳ ಗಂಡ ಹುಲಿಗೆಪ್ಪ ಎರಡು ದಿಂಬುಗಳಿಗೆ ಒರಗಿ ಕೂತಿದ್ದ. ಮೂಗಿನ ಒಂದು ಹೊಳ್ಳೆಯಿಂದ ಸಣ್ಣ ನಳಿಗೆ ಇಳಿಬಿದ್ದಿತ್ತು. ಎಡಗಲ್ಲ ದವಡೆಯಿಲ್ಲದೆ ಒಳಕ್ಕೆ ಕುಸಿದು ಮುಖ ಅರ್ಧ ಬೇರೆಯವರದೆಂಬಂತೆ ಕಾಣುತ್ತಿತ್ತು. ಕಣ್ಣು ಮಾತ್ರ ಅವನವೇ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಹೊಗೆಯಿಲ್ಲ ಎಂಬುದು ತಿಪ್ಪವ್ವನದೇ ಮಾತು. ಬಹಳ ವರ್ಷಗಳ ಹಿಂದೆ ಯೆರವಡಾದ ತಗಡಿನ ಮನೆಯಲ್ಲಿ ಅವಳೇ ಆಡಿದ್ದು.

ಆಗ ಹುಲಿಗೆಪ್ಪನ ಬೀಡಿ ಕೆಮ್ಮು ಎಷ್ಟು ಜೋರಾಗಿತ್ತೆಂದರೆ ಆಚೆ ಸಾಲಿನವರು ಅದನ್ನು ಕೇಳಿ ಅವನು ಕೆಲಸದಿಂದ ಬಂದನೆಂದು ತಿಳಿಯುತ್ತಿದ್ದರು. ಅವನು ಗೌಂಡಿ. ಕಲ್ಯಾಣಿನಗರದ ಕಡೆ ಏಳುತ್ತಿದ್ದ ಕಟ್ಟಡಗಳಲ್ಲಿ ಗೋಡೆ ಕಟ್ಟುತ್ತಿದ್ದ. ಗೋಡೆಗಿಂತ ಅವನ ಬಾಯಿಗೇ ಹೆಸರು. ಠೇಕೆದಾರ ಮೋಹನದಾಸ್ ನಡೆಯುವ ರೀತಿ, ಬೈಯುವ ರೀತಿ, ಬೈಯುವ ನಡುವೆ ಫೋನು ಬಂದರೆ ಜೇನಾಗುವ ದನಿ, ಎಲ್ಲವನ್ನೂ ಬೊಂಬಿನ ಅಟ್ಟಣಿಗೆಯ ಮೇಲೆ ನಿಂತು ಮಾಡಿ ತೋರಿಸುತ್ತಿದ್ದ. ಆಮೇಲೆ ಕೆಮ್ಮು ಮಾತಿನ ನಡುವೆಯೇ ಬರತೊಡಗಿತು. ಕಥೆ ಅರ್ಧಕ್ಕೆ ಮುರಿದು ಕೇಳುವವರು ಎದ್ದು ಹೋಗತೊಡಗಿದರು. ದವಾಖಾನೆಯ ಡಾಕ್ಟರು ಎದೆಯ ಫೋಟೋವನ್ನು ಕಿಟಕಿಗೆ ಹಿಡಿದು ತಿಪ್ಪವ್ವನಿಗೇ ಹೇಳಿದರು: “ಧೂರ್ ಬಂದ್ ಕರಾ. ಹೊಗಿ, ಹೊಗಿ. ಹೊಗಿ ಬಂದ್.”

ಹೊಗೆ ಬಂದ್ ಆದ ಮೇಲೆ ಹುಲಿಗೆಪ್ಪ ಹುಲಿಗೆಪ್ಪನಾಗಿ ಉಳಿಯಲಿಲ್ಲ. ಕೈ ನಡುಗಿ ಗೋಡೆ ತೂಗುಗುಂಡಿನ ದಾರಕ್ಕೆ ಸರಿಯಾಗದೆ ಕಟ್ಟಿದ್ದನ್ನು ಒಡೆಸಿದರು. ಮನೆಗೆ ಬಂದು ಕೊಡ ಒದ್ದ. ಮಗಳು ಆರತಿ ಅವನನ್ನು ಕಂಡರೆ ಪಕ್ಕದ ಕೃಷ್ಣಾಬಾಯಿಯ ಮನೆಗೆ ಓಡುತ್ತಿದ್ದಳು. ತಿಪ್ಪವ್ವ ಅದನ್ನೆಲ್ಲ ನೋಡುತ್ತ ಒಂದು ದಿನ ಒಲೆಯ ಮುಂದೆ ಕೂತಿದ್ದಾಗ ಅವಳಿಗೆ ಆ ವಿಚಾರ ಹೊಳೆಯಿತು. ಹಂಚಿನ ಮೇಲೆ ತಂಬಾಕಿನ ಎಲೆ ಹುರಿಯುತ್ತಿತ್ತು.

ಊರಲ್ಲಿದ್ದಾಗ ಅವಳಿಗೆ ಮಿಶ್ರಿ ಗೊತ್ತಿರಲಿಲ್ಲ. ಕಲಿಸಿದವಳು ಕೃಷ್ಣಾಬಾಯಿ. ವಸ್ತಿಯ ಹೆಂಗಸರೆಲ್ಲ ಬೆಳಿಗ್ಗೆ ಗಟಾರದ ಕಟ್ಟೆಯ ಮೇಲೆ ಸಾಲಾಗಿ ಕೂತು, ತೋರುಬೆರಳಿಗೆ ಕರಿ ಪುಡಿ ಹಚ್ಚಿಕೊಂಡು ಹಲ್ಲು ತಿಕ್ಕುತ್ತ, ಉಗುಳುತ್ತ, ಸೊಸೆಯಂದಿರನ್ನು ಬೈಯುತ್ತ ದಿನ ಶುರುಮಾಡುತ್ತಿದ್ದರು. ಕಟ್ಟೆಯ ಮೇಲೆ ಯಾರು ಕೇಳಿದರೂ ಡಬ್ಬಿ ಮುಂದಿಡಬೇಕು. ಜಗಳವಾಡಿದವಳು ಕೇಳಿದರೂ ಇಡಬೇಕು. ಮಿಶ್ರಿ ಇಲ್ಲ ಎಂದವಳ ಜೊತೆ ಮತ್ತೆ ಯಾರೂ ಕೂರುತ್ತಿರಲಿಲ್ಲ. ಬೇರೆಯವರು ಎಲೆ ಕೆಂಪಾಗುವಷ್ಟು ಹುರಿದು ಇಳಿಸುತ್ತಿದ್ದರು. ತಿಪ್ಪವ್ವ ಮಾತ್ರ ಹೊಗೆ ಪೂರ್ತಿ ನಿಲ್ಲುವವರೆಗೂ ಬಿಡುತ್ತಿರಲಿಲ್ಲ. ಕಣ್ಣಲ್ಲಿ ನೀರು ಸುರಿದು, ಎಲೆ ಇದ್ದಿಲಿನಷ್ಟು ಕಪ್ಪಾದ ಮೇಲೆ ಅರೆದು ಬಟ್ಟೆಯಲ್ಲಿ ಸೋಸುತ್ತಿದ್ದಳು. ಅವಳ ಮಿಶ್ರಿ ಕಾಡಿಗೆಯಂತಿರುತ್ತದೆ ಎಂದು ಓಣಿಯಲ್ಲೆಲ್ಲ ಮಾತಿತ್ತು.

“ಇದು ಹೆಂಗಸ್ರ ಸಾಮಾನು,” ಎಂದು ಹುಲಿಗೆಪ್ಪ ಮುಖ ತಿರುಗಿಸಿದ್ದ.

“ಹೆಂಗಸ್ರೇನ ಸತ್ತಾರೇನು ಇದ್ರಿಂದ? ಕೃಷ್ಣಾಬಾಯಿ ಅತ್ತಿ ಮುದಕಿ ಇನ್ನೂ ಕಡ್ಲಿ ಕಡೀತಾಳ. ತಂಬಾಕ ಬೇಕು ನಿನಗ, ಹೊಗಿ ಬ್ಯಾಡ. ಹೊಗಿ ಎಲ್ಲಾ ಹಂಚಿನ ಮ್ಯಾಲ ಹೋಗ್ಯದ ನೋಡು. ಹೊಗಿ ನಾ ಕುಡದೀನಿ, ನೀ ಬರೇ ಬೂದಿ ತಿಕ್ಕು.”

ಅವನು ಅವಳ ಕೆಂಪಾದ ಕಣ್ಣು ನೋಡಿ ಬೆರಳು ಮುಂದೆ ಮಾಡಿದ್ದ.

ಅಟ್ಟಣಿಗೆಯ ಮೇಲೆ ನಗೆಯೋ ನಗೆ. “ಏ ಹುಲಿಗ್ಯಾ, ನಾಳಿ ಬಳಿನೂ ಇಟ್ಗೊಂಡು ಬಾರಲೇ,” ಎಂದು ಕೆಳಗಿನಿಂದ ಜೊತೆಗಾರ ದತ್ತು ಕೂಗಿದ. “ಬಳಿ ಇಟ್ಗೊಂಡ್ರ ಕರಣಿ ಹಿಡ್ಯಾಕ ತ್ರಾಸ ಆಗ್ತದಲೇ. ನೀ ಇಟ್ಗೊ, ನಿನಗ ಹ್ಯಾಂಗೂ ಕೆಲಸಿಲ್ಲ,” ಎಂದು ಇವನು ಮೇಲಿನಿಂದ. ಆ ಉತ್ತರದ ನಡುವೆ ಕೆಮ್ಮು ಬರಲಿಲ್ಲವೆಂಬುದನ್ನು ಅವನು ಸಂಜೆ ಮನೆಗೆ ಬಂದು ತಾನೇ ಹೇಳಿದ. ಮಳೆಗಾಲ ಕಳೆಯುವಷ್ಟರಲ್ಲಿ ಕಥೆಗಳು ಮತ್ತೆ ಕೊನೆ ಮುಟ್ಟತೊಡಗಿದವು. ಕೆಮ್ಮುವ ಗಂಡಂದಿರಿದ್ದ ಹೆಂಗಸರು ತಿಪ್ಪವ್ವನನ್ನು ಕೇಳಿಕೊಂಡು ಬಂದರು. ಹುಲಿಗೆಪ್ಪ ತಿಕ್ಕಿ ಉಗುಳುವುದನ್ನು ಬಿಟ್ಟು ಪುಡಿಯನ್ನು ಎಡಗಲ್ಲದಲ್ಲಿ ಇಟ್ಟುಕೊಳ್ಳಲು ಕಲಿತ. ಬೆಳಿಗ್ಗೆ ಇಟ್ಟರೆ ಊಟದವರೆಗೆ, ಊಟದ ನಂತರ ಇಟ್ಟರೆ ದೀಪ ಹಚ್ಚುವವರೆಗೆ. ಡಬ್ಬಿ ಬೇಗ ಖಾಲಿಯಾಗತೊಡಗಿತು. ಅವಳು ಹೆಚ್ಚು ಹೆಚ್ಚು ಹುರಿದಳು.

ವರ್ಷಗಳು ಹೋದವು. ಆರತಿಯ ಮದುವೆಯೂ ಆಯಿತು. ಆಮೇಲೊಮ್ಮೆ ಅವನಿಗೆ ಖಾರ ಉರಿಯತೊಡಗಿತು. ರೊಟ್ಟಿಯ ತುತ್ತು ಚಿಕ್ಕದಾಗುತ್ತ ಬಂತು. ಹಲ್ಲಿನ ಸಂಕಟವೆಂದು ಲವಂಗ ಇಟ್ಟರು. ಗಲ್ಲದ ಹುಣ್ಣು ಹೊರಗಿನಿಂದಲೇ ಕೈಗೆ ಸಿಗುವಂತಾದಾಗ ಈ ದೊಡ್ಡ ಆಸ್ಪತ್ರೆಗೆ ಬಂದರು.

ಇಲ್ಲಿಯೂ ಮೊದಲು ತೆಗೆದದ್ದು ಎದೆಯ ಫೋಟೋವನ್ನೇ. ಹರೆಯದ ಡಾಕ್ಟರು ಅದನ್ನು ದೀಪಕ್ಕೆ ಹಿಡಿದು, “ಛಾತಿ ಏಕದಮ್ ಸಾಫ್ ಆಹೇ,” ಎಂದಾಗ ತಿಪ್ಪವ್ವ ಕೈಮುಗಿದೇಬಿಟ್ಟಳು. “ಕೇಳಿದೇನು? ಎದಿ ಸ್ವಚ್ಛ ಅದಂತ!” ಎಂದು ಗಂಡನ ಭುಜ ಅಲುಗಾಡಿಸಿದಳು. ಹುಲಿಗೆಪ್ಪ ಬಾಯಿ ಬಿಡಲು ಬರುವಷ್ಟು ನಕ್ಕ. ಡಾಕ್ಟರು ಬ್ಯಾಟರಿ ತೆಗೆದುಕೊಂಡು ಅದೇ ಬಾಯೊಳಗೆ ನೋಡಿದರು. ಏನನ್ನು ಇಟ್ಟುಕೊಳ್ಳುತ್ತಿದ್ದೆ ಎಂದು ಕೇಳಿದರು. ಹುಲಿಗೆಪ್ಪ ಹೇಳಿದ. ಅದರಿಂದಲೇ ಎಂಬಂತೆ ಅವರು ತಲೆಯಾಡಿಸಿದರು. ಆ ಕೋಣೆಯಲ್ಲಿ ಮತ್ತೆ ಯಾರೂ ಆ ವಿಷಯ ಎತ್ತಲಿಲ್ಲ, ಮನೆಗೆ ಬಂದ ಮೇಲೆ ಗಂಡ ಹೆಂಡತಿಯೂ ಎತ್ತಲಿಲ್ಲ.

ಗಲ್ಲ, ದವಡೆಯ ಒಂದು ಭಾಗ, ನಾಲಿಗೆಯ ಅಂಚು ತೆಗೆಯಬೇಕು, ಮಾತು ಮತ್ತೆ ತಿಳಿಯುವಂತೆ ಬರುವುದೋ ಇಲ್ಲವೋ ಎಂದಿದ್ದರು. ಆಪರೇಷನ್ನಿನ ಹಿಂದಿನ ಸಂಜೆ ಹುಲಿಗೆಪ್ಪ ವಾರ್ಡಿನವರಿಗೆಲ್ಲ ಮೋಹನದಾಸನನ್ನು ಮಾಡಿ ತೋರಿಸಿದ. ಅರ್ಧ ತೆರೆದ ಬಾಯಿಯಲ್ಲೇ ಮಾಡಿದ. ಸಿಸ್ಟರ್ ಗದರಲು ಬಂದವಳು ತಾನೂ ನಕ್ಕು ಹೋದಳು. ತಿಪ್ಪವ್ವ ಮಂಚದ ಕಾಲಿನ ಬಳಿ ಕೂತು ಕಾಯುತ್ತಿದ್ದಳು. ಅವನು ಮಿಶ್ರಿಯ ಬಗ್ಗೆ ಒಂದು ಮಾತಾಡಲಿ ಎಂದು. ಬೈಗುಳವಾದರೂ ಸರಿ. ಅವನು ಬಾಣಂತಿ ಆರತಿ ಪ್ರಯಾಣ ಮಾಡುವುದು ಬೇಡವೆಂದ, ಮಾಡಿನ ತಗಡಿಗೆ ಕಲ್ಲು ಹೇರಿಸು ಎಂದ.

“ನನಗೇನರ ಅನ್ನು,” ಎಂದಳು ಕಡೆಗೆ.

“ಏನನ್ಲಿ?”

“ಬೈಯಿ.”

“ನಾಳಿ ಬೈತೀನಿ ತಡಿ,” ಎಂದು ನಕ್ಕು ಗೋಡೆಯ ಕಡೆ ಹೊರಳಿದ.

ಆ ನಾಳೆ ಬಂದಾಗ ಅವನಿಗೆ ಬಾಯಿರಲಿಲ್ಲ. ಎದೆಯ ಮೇಲಿನ ಮಾಂಸ, ಚರ್ಮ ಎತ್ತಿ ಗಲ್ಲದ ಒಳಗೆ ಹೊಲಿದಿದ್ದರು. ಗಂಟಲಿನಿಂದ ಹೊರಡುವ ಸದ್ದಿನಲ್ಲಿ ಅವಳು ದಿನವೂ ಒಂದು ಮಾತನ್ನು ಹುಡುಕುತ್ತಿದ್ದಳು. ನೀರು, ನೋವು, ದಿಂಬು ಇಷ್ಟು ತಿಳಿಯುತ್ತಿತ್ತು. ಬೇಕಾದ್ದು ತಿಳಿಯುತ್ತಿರಲಿಲ್ಲ. ಡಬ್ಬಿಯನ್ನು ಎಸೆದೂ ನೋಡಿದ್ದಳು. ಮಧ್ಯಾಹ್ನದೊಳಗೆ ತಲೆ ಸಿಡಿದು, ಹೊಟ್ಟೆ ಕಟ್ಟಿ, ಕಸದ ಬುಟ್ಟಿಯಿಂದ ತಾನೇ ಹೆಕ್ಕಿಕೊಂಡಿದ್ದಳು. ಅಂದಿನಿಂದ ವರಾಂಡಕ್ಕೆ ಹೋಗಿ, ಅವನಿಗೆ ಬೆನ್ನು ಮಾಡಿ ತಿಕ್ಕಿಕೊಳ್ಳುತ್ತಿದ್ದಳು.

“ಅಕ್ಕ?” ಎಂದಳು ಶಿವಗಂಗವ್ವ.

“ಮುಗದದ ತಂಗಿ.”

“ಮುಂಜಾನಿ ತುಂಬಿತ್ತಲ್ಲ?”

ತಿಪ್ಪವ್ವನ ಕೈ ಸಂಚಿಯೊಳಗೇ ಇತ್ತು. ಬೇಡ ಎನ್ನಬೇಕು. ಯಾಕೆ ಎಂದು ಆ ಹುಡುಗಿ ಕೇಳುತ್ತಾಳೆ. ಯಾಕೆ ಎಂಬುದನ್ನು ಹುಲಿಗೆಪ್ಪನ ಎದುರಿಗೆ, ಅವನ ಆ ಗಲ್ಲದ ಎದುರಿಗೆ ತನ್ನ ಬಾಯಿಂದ ಹೇಳಬೇಕು. ಕೊಟ್ಟುಬಿಟ್ಟರೆ ಇಷ್ಟಕ್ಕೇ ಮುಗಿಯುತ್ತದೆ. ಒಂದು ಚಿಟಿಕೆ. ಆಚೆ ಮಂಚದಿಂದ ಅಂಬಾರಾಯನ ಹರಕು ದನಿ ಹೆಂಡತಿಯನ್ನು ಕರೆಯಿತು.

“ಮಿಶ್ರಿಗೆ ಯಾರರ ಇಲ್ಲ ಅಂತಾರೇನಕ್ಕ?” ಶಿವಗಂಗವ್ವನ ಕಣ್ಣಲ್ಲಿ ನೀರು ಬಂದಿತ್ತು. “ಸತ್ತ ಮನ್ಯಾಗ ಕೇಳಿದ್ರೂ ಕೊಡ್ತಾರ. ನಿನ್ನ ಗಂಡ ಉಳದಾರ, ನನಗ ನನ್ನ ಗಂಡ ಬ್ಯಾಡೇನು?”

ತಿಪ್ಪವ್ವನ ಬೆರಳುಗಳು ಡಬ್ಬಿಯನ್ನು ಹೊರಕ್ಕೆ ತಂದವು. ಮುಚ್ಚಳ ತೆಗೆಯುತ್ತಿದ್ದಂತೆ ಮಂಚದ ಕಬ್ಬಿಣದ ಮೇಲೆ ಚಮಚ ಬಡಿದ ಸದ್ದಾಯಿತು. ಹುಲಿಗೆಪ್ಪ ಕರೆಯುತ್ತಿದ್ದ. ತಿಪ್ಪವ್ವ ಏಳಲು ಹೋದರೆ, ಕೈಯಿಂದ ನೀನಲ್ಲ ಎಂದ. ಆ ಹುಡುಗಿಯನ್ನು ಬಾ ಎಂದ.

ಶಿವಗಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹತ್ತಿರ ಹೋದಳು. ಅವನು ಮೊದಲು ಹೆಂಡತಿಯ ಕೈಯಲ್ಲಿದ್ದ ಡಬ್ಬಿಯತ್ತ ಬೆರಳು ತೋರಿಸಿದ. ಆಮೇಲೆ ಅದೇ ಬೆರಳನ್ನು ತನ್ನ ತುಟಿಯ ತುದಿಗೆ ಇಟ್ಟು, ಕೊಂಡಿಯಂತೆ ಎಳೆದು, ಬಾಯಿ ತೆರೆದ. ಹೆಚ್ಚು ತೆರೆಯಲಿಲ್ಲ. ತೆರೆದಷ್ಟರಲ್ಲಿ ಕೆಂಪು ಇರಬೇಕಾದ ಜಾಗದಲ್ಲಿ ಮಾಸಲು ಬಣ್ಣದ ಚರ್ಮ ಕಂಡಿತು, ದಪ್ಪ ಹೊಲಿಗೆಯ ಗೆರೆ ಕಂಡಿತು. ಆ ಚರ್ಮದ ಮೇಲೆ ಎದೆಯ ಕೂದಲು, ಬಾಯೊಳಗೆ, ಒದ್ದೆಯಾಗಿ ಮಲಗಿತ್ತು. ಡ್ರೆಸ್ಸಿಂಗ್ ಮಾಡುವಾಗೆಲ್ಲ ತಿಪ್ಪವ್ವ ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಿದ್ದಳು. ಅವಳೂ ಈಗಲೇ ನೋಡಿದ್ದು.

ಶಿವಗಂಗವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತಿಪ್ಪವ್ವನತ್ತ ತಿರುಗಿದಳು.

“ಬೀಡಿದಲ್ಲ ಇದು?”

“ಅಲ್ಲ. ಬೀಡಿ ಬಿಟ್ಟು ಭಾಳ ದಿನ ಆಗ್ಯದ.” ತಿಪ್ಪವ್ವನ ದನಿ ಅವಳಿಗೇ ದೂರದಿಂದ ಬಂದಂತೆ ಕೇಳಿಸಿತು. “ಹೊಗಿ ಒಟ್ಟ ಇರ್ಲಿಲ್ಲ ತಂಗಿ. ಎಲ್ಲಾ ನಾನೇ ಹುರದು ತಗದಿದ್ದೆ.”

ಹುಡುಗಿ ಖಾಲಿ ಅಂಗೈಯನ್ನು ಸೀರೆಗೆ ಒರೆಸಿಕೊಂಡು ತನ್ನ ಗಂಡನ ಮಂಚಕ್ಕೆ ಹೋದಳು. “ತಂದೇನು?” ಎಂದು ಅಂಬಾರಾಯ ಕೇಳಿದ. “ಇಲ್ಲ. ಅದೂ ಬ್ಯಾಡ,” ಎಂದಳು. ಅವನು ಅವಳ ತಾಯಿಯನ್ನು ಸೇರಿಸಿ ಬೈಯತೊಡಗಿದ. ಅವಳು ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಮಂಚದ ಅಂಚಿಗೆ ಕೂತಳು. ಬೈಗುಳ ನಡೆದೇ ಇತ್ತು.

ಹುಲಿಗೆಪ್ಪನ ತುಟಿಯ ತುದಿಯಿಂದ ಜೊಲ್ಲು ಇಳಿಯುತ್ತಿತ್ತು. ಅದನ್ನು ಒರೆಸುವಾಗ ತಿಪ್ಪವ್ವ ಅವನ ಗದ್ದವನ್ನೇ ನೋಡಿದಳು, ಅದಕ್ಕಿಂತ ಮೇಲೆ ನೋಡಲಿಲ್ಲ. ಅವನು ಹೇಳಬೇಕಾದ್ದನ್ನು ಹೇಳಿದ್ದ. ಬಾಯಿಲ್ಲದೆ, ಪರರ ಎದುರಿಗೆ, ಎಲ್ಲರಿಗೂ ತಿಳಿಯುವಂತೆ. ಇಷ್ಟು ದಿನ ಅವಳು ಬೇಡಿದ್ದು ಇದನ್ನೇ. ಈಗ ಅದು ಬಂದಿತ್ತು, ಅವಳಿಗೆ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಗಂಜಿಯ ಹೊತ್ತಾಗಿತ್ತು. ಅವಳು ಕೈತೊಳೆದು ಬಂದು, ರವೆಯ ಗಂಜಿಯನ್ನು ಎರಡು ಸಲ ಸೋಸಿ, ಒತ್ತುವ ದಂಡ ತೆಗೆದ ದೊಡ್ಡ ಸಿರಿಂಜನ್ನು ಅವನ ಮೂಗಿನ ನಳಿಗೆಗೆ ಸಿಕ್ಕಿಸಿದಳು. ಸಿಸ್ಟರ್ ಕಲಿಸಿದ ಹಾಗೆ ಅದನ್ನು ಅವನ ತಲೆಗಿಂತ ಎತ್ತರಕ್ಕೆ ಹಿಡಿದು ಗಂಜಿ ಸುರಿದಳು. ಒತ್ತಬಾರದು, ತಾನಾಗಿ ಇಳಿಯಬೇಕು. ಬಿಳಿ ಮಟ್ಟ ನಿಂತಲ್ಲೇ ನಿಂತಂತೆ ಕಂಡು, ಆಮೇಲೆ ಕೂದಲೆಳೆಯಷ್ಟು ಇಳಿಯಿತು. ಅವಳ ಕಣ್ಣು ಅದರ ಮೇಲೆಯೇ ಇತ್ತು. ಇಬ್ಬರೂ ಅಲುಗಾಡಲಿಲ್ಲ. ಕಿಟಕಿಯಾಚೆ ರಿಕ್ಷಾದವರು ಜಗಳವಾಡುತ್ತಿದ್ದರು.

ಅರ್ಧ ಇಳಿಯುವಷ್ಟರಲ್ಲಿ ಅವಳ ತೋಳು ನಡುಗತೊಡಗಿತು. ಇನ್ನೊಂದು ಕೈಯಲ್ಲಿ ಪಾತ್ರೆಯಿತ್ತು. ಹುಲಿಗೆಪ್ಪ ಹೊದಿಕೆಯ ಒಳಗಿಂದ ಕೈ ತೆಗೆದು, ಸಿಮೆಂಟು ಕಚ್ಚಿ ಒಡೆದ ಆ ಅಂಗೈಯನ್ನು ಅವಳ ಮೊಣಕೈಯ ಕೆಳಗೆ ಇಟ್ಟ. ಭಾರವನ್ನು ತೆಗೆದುಕೊಂಡ. ಗಂಜಿ ಪೂರ್ತಿ ಇಳಿಯುವವರೆಗೂ ಹಾಗೆಯೇ ಹಿಡಿದಿದ್ದ.