ಉದ್ದ ತಂತಿಯ ತುದಿಯಲ್ಲಿ

ನಾನು ಒಂದು ಮೋಡೆಮ್. ಟೆಲಿಫೋನ್ ತಂತಿಯಲ್ಲಿ ಮಾತಿನ ಜೊತೆಗೇ ಇಂಟರ್ನೆಟ್ಟೂ ಹರಿದು ಬರುತ್ತಿದ್ದ ಕಾಲದಲ್ಲಿ, ತಂತಿಗೂ ಕಂಪ್ಯೂಟರಿಗೂ ನಡುವೆ ಕುಳಿತು ದುಭಾಷಿಯ ಕೆಲಸ ಮಾಡುತ್ತಿದ್ದ ಕಪ್ಪು ಡಬ್ಬಿ. ನನ್ನಂಥವರನ್ನು ನೀವು ನೋಡಿರಬಹುದು. ಕೆಟ್ಟಾಗ ಮಾತ್ರ ನೋಡಿರುತ್ತೀರಿ.

ದೊಡ್ಡದೊಂದು ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ಹಸಿರು ಹಲಗೆಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಬಿಡಿಭಾಗಗಳನ್ನು ಕೂರಿಸಿ, ಬೆಸುಗೆ ಹಾಕಿ, ಮೇಲೆ ಕಪ್ಪು ಹೊದಿಕೆ ಮುಚ್ಚಿದರು. ಮುಖದಲ್ಲಿ ಸಾಲಾಗಿ ದೀಪಗಳನ್ನಿಟ್ಟರು. ಅವುಗಳಲ್ಲಿ ಒಂದು ತಂತಿಯ ದೀಪ. ಅತ್ತ ಕಡೆಯ ಟೆಲಿಫೋನ್ ಎಕ್ಸ್‌ಚೇಂಜು ನನ್ನ ಕರೆಗೆ ಓಗೊಟ್ಟರೆ ಅದು ನಿಂತು ಉರಿಯುತ್ತದೆ, ಓಗೊಡದಿದ್ದರೆ ಮಿಣುಕುತ್ತಲೇ ಇರುತ್ತದೆ. ನನ್ನ ಸುಖದುಃಖವೆಲ್ಲ ಆ ಒಂದು ದೀಪದಲ್ಲಿತ್ತು.

ಮೊದಲು ನನ್ನನ್ನು ಕೊಂಡವರು ಗದಗಿನ ಪರಶುರಾಮಸಾ ಬಾಕಳೆ. ಅವರ ಸೈಬರ್ ಕೆಫೆಯ ಎದುರಿಗೇ ಎಕ್ಸ್‌ಚೇಂಜಿನ ಕಟ್ಟಡ. ನಾನು ಕರೆಯುವುದೇ ತಡ, ಅಲ್ಲಿಂದ ಉತ್ತರ. ಅಲ್ಲಿ ನನ್ನ ಬಾಳು ಸಂತೆಯ ಹಾಗಿತ್ತು. ಪರೀಕ್ಷೆಯ ಫಲಿತಾಂಶ, ಗಂಡಿನ ಫೋಟೋ, ಕೆಲಸದ ಅರ್ಜಿ, ಯಾರದೋ ನಗು, ಯಾರದೋ ಅಳು, ಎಲ್ಲವೂ ನನ್ನ ಮೂಲಕವೇ ಹೋಗುತ್ತಿದ್ದವು. ಕೆಲವು ವರ್ಷಗಳ ಬಳಿಕ ಬಾಕಳೆಯವರು ಹೊಸ ಯಂತ್ರ ತಂದರು. ನಾನು ಮೇಜಿನ ಖಾನೆ ಸೇರಿದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವನು ಸಂಗಪ್ಪ ಕುರಹಟ್ಟಿ. ಬಿಳೇಕಲ್ಲು ಎಂಬ ಊರಾಚೆ, ಎರೆಹೊಲಗಳ ನಡುವೆ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲು ಇತ್ತು. ಅದು ಮುಚ್ಚಿ ವರ್ಷಗಳಾಗಿದ್ದವು. ಮಾಲೀಕರು ಬೇರೆ ಊರಿನಲ್ಲಿದ್ದರು. ಮಿಲ್ಲನ್ನು ಕಾಯುತ್ತ ಅಲ್ಲಿಯ ಕ್ವಾರ್ಟರ್ಸಿನಲ್ಲಿ ಸಂಗಪ್ಪ ಇದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಜೊತೆಗಿದ್ದವಳು ತಂಗಿ ದಾಕ್ಷಾಯಣಿ.

ದಾಕ್ಷಾಯಣಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಚಿಕ್ಕವಳಿದ್ದಾಗ ದಾವಣಗೆರೆ ಕಡೆಯ ಒಂದು ಕಿವುಡ ಮಕ್ಕಳ ಶಾಲೆಯಲ್ಲಿದ್ದು ಕೈಭಾಷೆ ಕಲಿತಿದ್ದಳು, ಓದುಬರಹ ಕಲಿತಿದ್ದಳು, ಹೊಲಿಗೆಯನ್ನೂ ಕಲಿತಿದ್ದಳು. ಆಮೇಲೆ ಊರಿಗೆ ಬಂದಳು. ಊರಿನಲ್ಲಿ ಆ ಭಾಷೆ ಬಲ್ಲವರು ಒಬ್ಬರೂ ಇರಲಿಲ್ಲ. ಅಣ್ಣನಿಗೆ ಗೊತ್ತಿದ್ದದ್ದು ಮನೆಮಟ್ಟಿಗಿನ ನಾಲ್ಕಾರು ಸನ್ನೆ: ಊಟ, ನೀರು, ಹಾವು, ಯಾರೋ ಬಂದರು. ಅಷ್ಟರಲ್ಲೇ ಅವಳ ಯೌವನ ಕಳೆದು ನಡುವಯಸ್ಸು ಬಂದಿತ್ತು. ಬಿಳೇಕಲ್ಲಿನ ಹೆಂಗಸರು ಕುಪ್ಪಸ ಹೊಲಿಸಲು ಬಂದು, ಅಳತೆ ಕೊಟ್ಟು, ನಕ್ಕು ಹೋಗುತ್ತಿದ್ದರು.

ಅದೇ ಶಾಲೆಗೆ ಹೊಲಿಗೆ ಕಲಿಸುವವರು ಬೇಕಾಗಿದ್ದಾರೆಂದು ಸಂಗಪ್ಪ ಪೇಪರಿನಲ್ಲಿ ನೋಡಿದ. ತಂಗಿಗೆ ತೋರಿಸಿದ. ಅವಳು ಅದನ್ನು ಮತ್ತೆ ಮತ್ತೆ ಓದಿ, ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಶಾಲೆಯವರು ಮೊದಲು ವಿಡಿಯೋದಲ್ಲಿ ಮಾತಾಡಿಸಿ, ಕೈಭಾಷೆ ಸರಿಯಿದ್ದವರನ್ನಷ್ಟೇ ಕರೆಸಿಕೊಳ್ಳುತ್ತಿದ್ದರು. ಅದಕ್ಕಾಗಿ ಮಿಲ್ಲಿನ ಹಳೆಯ ಕಂಪ್ಯೂಟರಿಗೆ ಕ್ಯಾಮರಾ ಬಂತು. ಅದರ ಜೊತೆಗೆ ನಾನೂ ಬಂದೆ.

ಬಂದ ದಿನವೇ ನನಗೆ ದಿಕ್ಕು ತಪ್ಪಿತು. ಎಕ್ಸ್‌ಚೇಂಜು ಹೊಲಗಳ ಆಚೆ ಎಲ್ಲೋ ದೂರದ ಊರಿನಲ್ಲಿತ್ತು. ನಾನು ಕೂಗಿದ್ದು ತಂತಿಯಲ್ಲಿ ಸವೆದು ಸವೆದು ಪಿಸುಮಾತಾಗಿ ಅಲ್ಲಿ ಮುಟ್ಟಬೇಕು, ಅಲ್ಲಿಯ ಉತ್ತರವೂ ಹಾಗೆಯೇ ಬರಬೇಕು. ಅದು ಸಾಲದೆಂಬಂತೆ ಮಿಲ್ಲಿನೊಳಗೆ ತಂತಿಗೆ ಕವಲುಗಳಿದ್ದವು. ಮಿಲ್ಲು ನಡೆಯುತ್ತಿದ್ದಾಗ ಆಫೀಸಿಗೊಂದು, ತೂಕದ ಕೋಣೆಗೊಂದು, ಗೋದಾಮಿಗೊಂದು ಫೋನು ಇದ್ದವಂತೆ. ಕ್ವಾರ್ಟರ್ಸಿನದೊಂದು ಬಿಟ್ಟು ಫೋನುಗಳೆಲ್ಲ ಹೋಗಿದ್ದವು, ತಂತಿಗಳು ಉಳಿದಿದ್ದವು. ನನ್ನ ದನಿ ಯಾರೂ ಇಲ್ಲದ ಆ ಕೋಣೆಗಳಿಗೆಲ್ಲ ಹೋಗಿ, ತುದಿಗೆ ಬಡಿದು, ನನ್ನ ಕಡೆಗೇ ತಿರುಗಿ ಬರುತ್ತಿತ್ತು. ಯಾವುದು ಎಕ್ಸ್‌ಚೇಂಜಿನ ಮಾತು, ಯಾವುದು ನನ್ನದೇ ಮಾರ್ದನಿ ಎಂದು ತಿಳಿಯುತ್ತಿರಲಿಲ್ಲ. ನನ್ನನ್ನು ಇಟ್ಟದ್ದು ಎಲ್ಲ ಕವಲುಗಳ ಕೊನೆಗೆ, ಕ್ವಾರ್ಟರ್ಸಿನ ಕಿಟಕಿಯ ಪಕ್ಕ.

ಗೊತ್ತುಪಡಿಸಿದ ದಿನ ದಾಕ್ಷಾಯಣಿ ಇಳಕಲ್ ಸೀರೆ ಉಟ್ಟು ಕ್ಯಾಮರಾದ ಮುಂದೆ ಕುಳಿತಳು. ಪರದೆಯ ಮೇಲೆ ಶಾಲೆಯ ಮುಖ್ಯ ಶಿಕ್ಷಕಿ ಗ್ರೇಸಿ ಕಾಣಿಸಿಕೊಂಡರು. ಅವರೂ ಕಿವುಡರೇ. ಗ್ರೇಸಿ ಏನೋ ಕೇಳಿದರು. ದಾಕ್ಷಾಯಣಿ ಕೈಯೆತ್ತಿ ಹೇಳತೊಡಗಿದಳು. ಅವಳ ಕೈ ನನ್ನವರೆಗೆ ಇಡಿಯಾಗಿಯೇ ಬರುತ್ತಿತ್ತು. ನನ್ನಿಂದಾಚೆ ತಂತಿಯಲ್ಲಿ ತುಂಡಾಗುತ್ತಿತ್ತು. ಅತ್ತ ಕಡೆ ಎತ್ತಿದ ಕೈ ಎತ್ತಿದಲ್ಲೇ ನಿಂತು, ಮುಂದಿನದು ಕಾಣದೆ, ಒಮ್ಮೆಲೇ ಬೇರೆಲ್ಲೋ ಇರುತ್ತಿತ್ತು. ಅಕ್ಷರ ಬಿಟ್ಟುಹೋದ ಮಾತಿನ ಹಾಗೆ. ಗ್ರೇಸಿ ಮುಂದೆ ಬಾಗಿ ನೋಡಿದರು. ಮತ್ತೆ ಕೇಳಿದರು. ದಾಕ್ಷಾಯಣಿ ಇನ್ನೂ ಜೋರಾಗಿ, ಇನ್ನೂ ಅವಸರವಾಗಿ ಹೇಳಿದಳು. ಅವಸರ ಮಾಡಿದಷ್ಟೂ ಹೆಚ್ಚು ತುಂಡಾಯಿತು.

ಕೊನೆಗೆ ಪರದೆಯ ಮೇಲೆ ಬರಹ ಮೂಡಿತು: "ನಿಮ್ಮ ಕೈಭಾಷೆ ತಿಳಿಯುತ್ತಿಲ್ಲ. ಬಹಳ ವರ್ಷ ಬಳಸಿಲ್ಲವೆಂದು ಕಾಣುತ್ತದೆ. ಮಕ್ಕಳಿಗೆ ಕಷ್ಟವಾದೀತು."

ದಾಕ್ಷಾಯಣಿ ಅದನ್ನು ಓದಿದಳು. ತನ್ನ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಎದ್ದು ಒಲೆಯ ಮುಂದೆ ಹೋಗಿ ಕುಳಿತಳು.

ಅವಳ ತಪ್ಪಲ್ಲವೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ. ನನ್ನ ದೀಪ ಮಿಣುಕುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ. ಸಂಗಪ್ಪನಿಗಂತೂ ಕೈಭಾಷೆ ಸರಿಯೋ ತಪ್ಪೋ ತಿಳಿಯುವಂತಿರಲಿಲ್ಲ. ಮರೆತಿರಬೇಕು ಎಂದುಕೊಂಡ. ಅಂದು ಊಟಕ್ಕೆ ಕುಳಿತಾಗ ಅವನ ಮುಖ ಹಗುರವಾಗಿತ್ತೆಂಬುದನ್ನೂ ನಾನು ಕಂಡೆ. ಇದ್ದೊಬ್ಬ ಜೀವ ಹೋಗದೆ ಉಳಿಯಿತಲ್ಲ ಎಂಬ ಹಗುರ. ಅದಕ್ಕಾಗಿ ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಮರುದಿನದಿಂದ ಅವಳು ಮನೆಯ ಸನ್ನೆಯನ್ನೂ ಬಿಟ್ಟಳು. ಬೇಕಾದ್ದನ್ನು ತಾನೇ ಎದ್ದು ತೆಗೆದುಕೊಳ್ಳುವಳು, ಬೇಡವಾದರೆ ಮುಖ ತಿರುಗಿಸುವಳು. ಕುಪ್ಪಸ ಹೊಲಿಸಲು ಬಂದವರನ್ನೂ ಆಗದೆಂದು ತಲೆಯಾಡಿಸಿ ಕಳಿಸಿದಳು.

ಒಂದು ಮಧ್ಯಾಹ್ನ ಮಿಲ್ಲಿನ ಅಂಗಳದಲ್ಲಿ, ಹತ್ತಿ ಹರವುತ್ತಿದ್ದ ಕಟ್ಟೆಯ ಹತ್ತಿರ ಅವಳು ಒಬ್ಬಳೇ ನಿಂತಿದ್ದಳು. ಯಾರೂ ಇಲ್ಲವೆಂದು ತಿಳಿದು ಕೈಯೆತ್ತಿದಳು. ಬರಿಯ ಅಂಗಳಕ್ಕೆ ಹೇಳತೊಡಗಿದಳು. ಕೈಗಳು ಓಡಿದವು, ತಿರುಗಿದವು, ಎದೆ ಮುಟ್ಟಿದವು, ಆಕಾಶ ತೋರಿಸಿದವು. ಒಂದು ಕಡೆಯೂ ತಡೆಯಲಿಲ್ಲ. ನೀರಿನ ಕೊಡ ಹೊತ್ತು ಬರುತ್ತಿದ್ದ ಸಂಗಪ್ಪ ಅದನ್ನು ಕಂಡು ಗೋದಾಮಿನ ಮೂಲೆಯಲ್ಲೇ ನಿಂತುಬಿಟ್ಟ. ಅವಳು ಮುಗಿಸುವವರೆಗೂ ಕೊಡ ಇಳಿಸಲಿಲ್ಲ.

ಒಳಗೆ ಬಂದವನೇ ಬಾಕಳೆಯವರಿಗೆ ಫೋನು ಮಾಡಿದ. "ಅಕಿ ಕೈ ಮರತಿಲ್ರಿ ಸಾವಕಾರ್ರ. ಈಗ ಕಣ್ಣಾರೆ ನೋಡೀನಿ. ತೊಡಕು ಲೈನಿನ್ಯಾಗ ಐತಿ. ಏನ ಮಾಡಬೇಕ ಹೇಳ್ರಿ."

ಬಾಕಳೆಯವರು ಕೆಫೆ ಬಿಟ್ಟು ಮೋಟಾರ್ ಸೈಕಲ್ಲಿನಲ್ಲಿ ಬಂದರು. ತಂತಿ ಹಿಡಿದುಕೊಂಡು ಮಿಲ್ಲೆಲ್ಲ ಸುತ್ತಿದರು. ನನ್ನನ್ನೂ ಕಂಪ್ಯೂಟರನ್ನೂ ಕಿತ್ತು, ಹೊರಗಿನ ಲೈನು ಮೊದಲು ಒಳಗೆ ಬರುವ ಜಾಗದಲ್ಲಿ, ಅಂದರೆ ಪಾಳುಬಿದ್ದ ಆಫೀಸಿನ ಕೋಣೆಯಲ್ಲಿ ಇಡಬೇಕೆಂದರು. ಅಲ್ಲಿಂದಾಚೆಯ ಕವಲುಗಳನ್ನೆಲ್ಲ ಕತ್ತರಿಸಲು ಹೇಳಿದರು. ಸಂಗಪ್ಪ ಏಣಿ ಹಾಕಿ ಗೋದಾಮಿನ ತಂತಿ, ತೂಕದ ಕೋಣೆಯ ತಂತಿ, ಕ್ವಾರ್ಟರ್ಸಿನ ತಂತಿ ಎಲ್ಲವನ್ನೂ ಗೋಡೆಯಿಂದ ಕಿತ್ತು ತೆಗೆದ. ಒಂದೊಂದು ಕವಲು ಹೋದಂತೆ ನನ್ನ ಕಿವಿಯ ಗದ್ದಲ ಇಳಿಯುತ್ತ ಬಂತು.

ಆಮೇಲೆ ಲೈನ್‌ಮನ್ ಹುಸೇನಸಾಬ ಬಂದು ಆಫೀಸಿನ ಕಿಟಕಿಯಾಚೆಯ ಕಂಬ ಹತ್ತಿದ. ಮೇಲಿನ ಡಬ್ಬಿ ತೆರೆದರೆ ಜೋಡಣೆಗೆ ನೀರಿಳಿದು ತಾಮ್ರವೆಲ್ಲ ಹಸಿರುಗಟ್ಟಿತ್ತು. ಕೆಟ್ಟ ತುದಿಯನ್ನು ಕತ್ತರಿಸಿ ಹೊಸದಾಗಿ ಕೂಡಿಸುತ್ತ ಅವನು ಕೆಳಗೆ ಏಣಿ ಹಿಡಿದಿದ್ದ ಸಂಗಪ್ಪನನ್ನು ಕೇಳಿದ:

"ಇದು ಸರಿ ಆದ್ರ ತಂಗಿ ಹೋಗೇಬಿಡ್ತಾಳ. ನಿನಗ ಯಾರ ಅದಾರ ಸಂಗಪ್ಪಣ್ಣ?"

ಸಂಗಪ್ಪ ತಲೆಯೆತ್ತಲಿಲ್ಲ. "ನೀ ಜೋಡಣಿ ಬಿಗಿ ಮಾಡು," ಎಂದ.

ಇಷ್ಟಾದರೂ ನಡುನಡುವೆ ದೀಪ ಮಿಣುಕುತ್ತಿತ್ತು. ಆಗ ಬಾಕಳೆಯವರು ಎಕ್ಸ್‌ಚೇಂಜಿನವರೊಡನೆ ಮಾತಾಡಿ ಲೈನಿನ ವೇಗವನ್ನು ಇಳಿಸಿದರು. ಹೆಚ್ಚಿಸಬೇಕಾದಲ್ಲಿ ಇಳಿಸುವುದೇ ಎಂದು ಸಂಗಪ್ಪ ಗಾಬರಿಯಾದ.

"ಉದ್ದ ಲೈನಿಗೆ ಓಡು ಅಂದ್ರ ಬೀಳತೈತಿ," ಎಂದರು ಬಾಕಳೆಯವರು. "ನಡಿ ಅಂದ್ರ ನಡೀತೈತಿ. ನಿಮಗ ಬೇಕಾದ್ದು ಮುಟ್ಟೂದು."

ದೀಪ ನಿಂತಿತು. ಅಂಥ ದೂರದಿಂದ ಎಕ್ಸ್‌ಚೇಂಜಿನ ದನಿ ಸಣ್ಣಗೆ, ಆದರೆ ತಪ್ಪದೆ ಬರತೊಡಗಿತು. ಲೈನು ಕೆಟ್ಟಿತ್ತೆಂದು ಬಾಕಳೆಯವರು ಶಾಲೆಗೆ ತಿಳಿಸಿದ್ದರಿಂದ ಇನ್ನೊಮ್ಮೆ ನೋಡಲು ಗ್ರೇಸಿ ಒಪ್ಪಿದರು.

ದಾಕ್ಷಾಯಣಿ ಮಾತ್ರ ಒಪ್ಪಲಿಲ್ಲ. ಆಫೀಸಿನ ಹೊಸ್ತಿಲವರೆಗೆ ಬಂದವಳು ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡು ನಿಂತಳು. ತಪ್ಪು ತಂತಿಯದು, ನಿನ್ನದಲ್ಲ ಎಂದು ತಂಗಿಗೆ ಹೇಳುವಷ್ಟು ಸನ್ನೆ ಸಂಗಪ್ಪನಲ್ಲಿ ಇರಲಿಲ್ಲ. ಅವನು ಹಸಿರುಗಟ್ಟಿದ ಆ ತಂತಿಯ ತುಂಡನ್ನು ತಂದು ಅವಳ ಕಣ್ಣ ಮುಂದೆ ಹಿಡಿದ. ಬೆರಳಲ್ಲಿ ಮುರಿದು ತೋರಿಸಿದ. ಪುಡಿಪುಡಿಯಾಗಿ ಉದುರಿತು. ಆಮೇಲೆ ಅವಳ ಕೈಯನ್ನು ಸೆರಗಿನಿಂದ ಬಿಡಿಸಿ ಮೆಲ್ಲಗೆ ಮೇಜಿನ ಮೇಲಿಟ್ಟ.

ಗ್ರೇಸಿ ಕೇಳಿದರು. ದಾಕ್ಷಾಯಣಿ ಅಳುಕುತ್ತ ಶುರುಮಾಡಿದಳು. ಇಲ್ಲದ ಸೂಜಿಗೆ ದಾರ ಪೋಣಿಸಿ, ಇಲ್ಲದ ಮಗುವಿನ ಬೆರಳು ಹಿಡಿದು ಹೊಲಿಗೆ ಹಾಕಿಸಿದಳು. ಗ್ರೇಸಿ ನಕ್ಕರು, ಮತ್ತೇನೋ ಹೇಳಿದರು. ಆಮೇಲೆ ಇಬ್ಬರ ಕೈಗಳೂ ನಿಲ್ಲಲೇ ಇಲ್ಲ. ಅಷ್ಟು ಹೊತ್ತು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಆ ಭಾಷೆ ನನಗೆ ಬಾರದು. ದಾಕ್ಷಾಯಣಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ಸಂಗಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ತಂಗಿಯ ಬಾಯಿಂದ ಮೊದಲ ಸಲ ಮಾತು ಕೇಳುತ್ತಿರುವವನ ಹಾಗೆ ನೋಡುತ್ತಿದ್ದ.

ಮಳೆಗಾಲದ ಮೊದಲಲ್ಲಿ ಅವಳು ಹೋದಳು. ಸಂಗಪ್ಪ ದಾವಣಗೆರೆಯವರೆಗೆ ಬಿಟ್ಟುಬಂದ.

ಆಮೇಲೆ ವಾರವಿಡೀ ನಾನೂ ಆ ಆಫೀಸಿನ ಕೋಣೆಯೂ ಇಬ್ಬರೇ. ಭಾನುವಾರ ಮಾತ್ರ ಸಂಗಪ್ಪ ಅಂಗಿ ಬದಲಿಸಿ ಬಂದು ಕ್ಯಾಮರಾದ ಮುಂದೆ ಕೂರುತ್ತಿದ್ದ. ಮೊದಮೊದಲು ಊಟ, ನೀರು, ಹಾವು ಎಂದು ತೋರಿಸಿದರೆ ಅವನ ಮಾತೇ ಮುಗಿದುಹೋಗುತ್ತಿತ್ತು. ಅಣ್ಣತಂಗಿ ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತ ಕೂತಿರುತ್ತಿದ್ದರು. ನಾನು ಆ ಸುಮ್ಮನಿರುವಿಕೆಯನ್ನೂ ಸಾಗಿಸುತ್ತಿದ್ದೆ. ಬರಬರುತ್ತ ಅವಳು ಅವನಿಗೆ ಕಲಿಸತೊಡಗಿದಳು. ಅವನದು ಮಂದ ಕೈ. ಒಂದೊಂದು ಸನ್ನೆಗೂ ಅದರ ಮಾತನ್ನು ಬಾಯಲ್ಲಿ ಹೇಳಿಕೊಂಡೇ ಮಾಡುವನು.

ಒಂದು ಭಾನುವಾರ ಅವನು ತುಂಬ ಹೊತ್ತು ಯೋಚಿಸಿ, ಒಂದೊಂದೇ ಸನ್ನೆ ಕೂಡಿಸಿ ಹೇಳಿದ: "ಮನಿ... ಸಪ್ಪಳ... ಇಲ್ಲ."

ಅವಳಿಗೆ ತಿಳಿಯಲಿಲ್ಲ. ಹುಬ್ಬು ಗಂಟಿಕ್ಕಿ ನಿಧಾನವಾಗಿ ಏನೋ ಕೇಳಿದಳು. ಅವನು ಅವಳ ಕೈಯನ್ನೇ ನೋಡುತ್ತ ಬಾಯಲ್ಲಿ ಬಿಡಿಸಿಕೊಂಡ: "ನಾನು... ಸಪ್ಪಳ... ಮಾಡತಿದ್ನೇನು?"

ಸಂಗಪ್ಪ ಹೌದೆಂದು ತಲೆಯಾಡಿಸಿದ. ಪಾತ್ರೆ ಇಡುವುದನ್ನು ತೋರಿಸಿದ, ಬಳೆಗಳನ್ನು ತೋರಿಸಿದ, ಕಾಲೆಳೆದು ನಡೆಯುವುದನ್ನು ತೋರಿಸಿದ. ಬಾಯಿ ತೆರೆದು ಅವಳು ನಗುವುದನ್ನು ತೋರಿಸಿದ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತನಗೆ ದನಿಯಿದೆಯೆಂದು, ಅದರಿಂದ ಒಂದು ಮನೆ ತುಂಬಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಕೈ ಯಾರಿಗೂ ಇರಲಿಲ್ಲ.

ಆ ಮಾತು ತುಂಡಾಗದೆ ಅವಳನ್ನು ಮುಟ್ಟಿತು. ನನ್ನ ಬಾಳಿನಲ್ಲಿ ನಾನು ದಾಟಿಸಿದ ಮಾತುಗಳಲ್ಲಿ ಅದೇ ದೊಡ್ಡದು.

ಕೆಲವು ವರ್ಷಗಳಲ್ಲಿ ಮಿಲ್ಲು ಮಾರಾಟವಾಯಿತು, ಲೈನು ಬಿಟ್ಟುಕೊಟ್ಟರು. ಅಷ್ಟರಲ್ಲಿ ಸಂಗಪ್ಪನ ಕೈಗೇ ವಿಡಿಯೋ ಬರುವ ಫೋನು ಬಂದಿತ್ತು. ಅವನು ದಾವಣಗೆರೆ ಬಸ್ಸು ಹತ್ತಿದನೆಂದು, ಶಾಲೆಯ ಗೇಟು ಕಾಯುತ್ತಾನೆಂದು ಹುಸೇನಸಾಬ ಯಾರಿಗೋ ಹೇಳಿದ್ದು ಕೇಳಿಸಿಕೊಂಡೆ. ನನ್ನನ್ನು ಚೀಲದಲ್ಲಿ ಹಾಕಿ ಬೆಟಗೇರಿಯ ಗುಜರಿ ಅಂಗಡಿಗೆ ತಂದವನು ಹುಸೇನಸಾಬನೇ.

ಇಲ್ಲಿ ನನ್ನ ಜೊತೆಗೆ ಮುರಿದ ಫ್ಯಾನುಗಳಿವೆ, ರೇಡಿಯೋಗಳಿವೆ, ಕಿತ್ತ ತಂತಿಯ ಸುರುಳಿಗಳಿವೆ. ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ನನಗೆ ತಂತಿಯಿಲ್ಲ, ಕರೆಂಟಿಲ್ಲ. ಕೆಲವೊಮ್ಮೆ ಬೆಳಗಿನ ಬಿಸಿಲು ತಗಡಿನ ಸಂದಿಯಿಂದ ಇಳಿದು ನನ್ನ ದೀಪಗಳ ಮೇಲೆ ಬೀಳುತ್ತದೆ. ಆಗ ಒಂದು ಕ್ಷಣ ಅವು ಉರಿದಂತೆ ಕಾಣುತ್ತವೇನೋ, ಅಂಗಡಿಯವನು ತಿರುಗಿ ನೋಡುತ್ತಾನೆ. ಯಾರೋ ನೋಡಿದರೆಂಬುದಷ್ಟೇ ನನಗೆ ಈಗ ಸಾಕು. ಬಿಸಿಲು ಸರಿದ ಮೇಲೆ ಮತ್ತೆ ಕತ್ತಲು. ಕತ್ತಲಲ್ಲಿ ನಾನು ಯಾರನ್ನೂ ಕರೆಯುವುದಿಲ್ಲ.