ತೊಂಬತ್ಮೂರು ಲಕ್ಷದವಳ ಗೆಳತಿ

ಹೊನ್ನಾಳಿಯ ಅರ್ಷಿಯಾ ಒಂದು ವರ್ಷದಿಂದ ಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಕಳಿಸಿರಲಿಲ್ಲ. ಶನಿವಾರ ಸಂಜೆ ಒಂದು ಸಂಖ್ಯೆ ಕಳಿಸಿದಳು: 93,63,584.

“ಇವಳ ಗೆಳತಿ ಯಾರು, ಹೇಳೇ ಚೈತ್ರಾ. ಫೋನಲ್ಲಿ ಹುಡುಕಿದ್ರೆ ನೋಡು! ಕೈಲೇ ಲೆಕ್ಕ ಮಾಡು. ನಾಳೆ ನನ್ನ ನಿಕಾಹ್‌ಗೆ ಬಂದು ಕಿವೀಲಿ ಹೇಳು.”

ದಾವಣಗೆರೆ ಹಾಸ್ಟೆಲಿನಲ್ಲಿ ಇದು ನಮ್ಮಿಬ್ಬರದೇ ಆಟ. ಅಜ್ಜಿಯ ಕಥೆಗಳಲ್ಲಿ ಬೆಳೆದ ನನಗೆ ಪ್ರತಿ ಸಂಖ್ಯೆಯೂ ಬಾಗಿಲು ಹಾಕಿಕೊಂಡ ಅರಸಿ. ಅವಳನ್ನು ಶೇಷವಿಲ್ಲದೆ ಭಾಗಿಸುವ, ಅವಳಿಗಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ ಇನ್ನೊಬ್ಬಳು ಸಿಗುತ್ತಾಳೆ. ಆ ಇನ್ನೊಬ್ಬಳಿಗೂ ಹಾಗೇ ಮಾಡಿದಾಗ ಮೊದಲನೆಯವಳೇ ಮರಳಿ ಬಂದರೆ ಇಬ್ಬರೂ ಸ್ನೇಹ ಸಂಖ್ಯೆಗಳು. 220, 284 ಇದ್ದ ಹಾಗೆ.

ಜಗಳೂರಿಗೆ ಅತಿಥಿ ಶಿಕ್ಷಕಿಯಾಗಿ ಬಂದ ಮೇಲೆ, ಪಾಠ ಮುಗಿದರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಅವತ್ತು ಬಾಡಿಗೆ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಲೆಕ್ಕ ಮಾಡಿದೆ. ಎರಡರಿಂದ ಏಳು ಸಲ ಭಾಗವಾದಳು. ಆಮೇಲೆ 191, 383 ಉಳಿದವು. ಎರಡೂ ಅವಿಭಾಜ್ಯ, ಹಟಮಾರಿಗಳು. ಭಾಜಕಗಳನ್ನೆಲ್ಲ ಕೂಡಿಸಿದೆ: 94,37,055. ಬೆಸ ಸಂಖ್ಯೆ. ಅವಳನ್ನು ಭಾಗಿಸಿ ಕೂಡಿಸಿದರೆ ದಾರಿ ಬೇರೆಲ್ಲಿಗೋ ಹೋಯಿತು. ಮೊದಲನೆಯವಳು ಮರಳಿ ಬರಲಿಲ್ಲ.

ಗೆಳತಿಯೇ ಇಲ್ಲದ ಸಂಖ್ಯೆ. ಅರ್ಷಿಯಾ ಯಾವುದನ್ನೂ ಸುಮ್ಮನೆ ಆರಿಸುವವಳಲ್ಲ. ಕರೆದಂತೆ ಮಾಡಿ, ಬರಬೇಡ ಅಂದಿದ್ದಾಳೆ.

ಭಾನುವಾರ ಬೆಳಗ್ಗೆ, ಹೊನ್ನಾಳಿಗೆ ಹೋಗಲು ನಾನು ಹತ್ತಬೇಕಿದ್ದ ದಾವಣಗೆರೆ ಬಸ್ಸಿನ ಹಾರ್ನ್ ಕೇಳಿಸಿತು. ಮಗ್ಗುಲು ಬದಲಿಸಿ ಮಲಗಿದೆ.

ಮಧ್ಯಾಹ್ನ ಪಡಸಾಲೆಯಲ್ಲಿ ಮನೆಯೊಡತಿ ಕೊಟ್ರಮ್ಮ ಸೇರಿನಲ್ಲಿ ಜೋಳ ಅಳೆಯುತ್ತಿದ್ದರು. “ಲಾಭ... ಎರಡು... ಮೂರು...”

“ನಮ್ಮಜ್ಜೀನೂ ಹಿಂಗೇ ಅಳೀತಿದ್ಲು. ಮೊದಲನೇದಕ್ಕೆ ಒಂದು ಅಂತ ಯಾಕನ್ನಲ್ಲ, ಕೊಟ್ರಮ್ಮಾ?”

“ಒಂದು ಅಂದ್ರೆ ಒಂದೇ ಆಗಿ ಉಳಿದುಬಿಡ್ತೈತವ್ವಾ. ಮಕ್ಕಳಿಗೆ ಲೆಕ್ಕ ಹೇಳಿಕೊಡಾಕೆ ಬಂದೀಯ, ಇಷ್ಟು ಗೊತ್ತಿಲ್ವಾ?”

ನಗು ಅರ್ಧಕ್ಕೇ ನಿಂತಿತು. ನಿನ್ನೆ ನನ್ನ ಬಾಯಿಯೂ ಅದನ್ನೇ ಅಂದಿತ್ತು: ಲಾಭ, ಎರಡು, ನಾಲ್ಕು, ಎಂಟು. ಕೂಡಿಸಿದ್ದು ಎರಡರಿಂದ. ಒಂದೂ ಭಾಜಕವೇ, ಅದನ್ನು ಕೈಬಿಟ್ಟಿದ್ದೆ.

ಒಳಗೋಡಿ ಒಂದು ಸೇರಿಸಿದೆ. 94,37,056. ಅವಳನ್ನು ಭಾಗಿಸಿದೆ, ಕೂಡಿಸಿದೆ. 93,63,584 ಬಂದು ಎದುರಿಗೆ ನಿಂತಳು.

ಅರ್ಷಿಯಾಳ ಫೋನ್ ಸ್ವಿಚ್ ಆಫ್. ಅವಳ ತಂಗಿ ಆಮಿನಾಗೆ ಮಾಡಿದೆ.

“ಈಗ ಬಂತಾ ನೆನಪು?” ಹಿಂದೆ ಪಾತ್ರೆಗಳ ಸದ್ದು. “ಗಾಡಿ ಹತ್ತಿ ಹೋದ್ಲಕ್ಕಾ. ನಿಕಾಹ್ ಮುಗಿದ್ರೂ ಗೇಟ್ ಕಡೇನೇ ನೋಡ್ತಿದ್ಲು. ಬಿರಿಯಾನಿ ಬಾಯಿಗಿಡ್ಲಿಲ್ಲ.”

“ಆಮಿನಾ, ಅವಳು ಸಿಕ್ಕಾಗ ಇಷ್ಟು ಹೇಳ್ತೀಯಾ? ಬರ್ಕೋ. ಒಂಬತ್ತು ನಾಲ್ಕು, ಮೂರು ಏಳು, ಸೊನ್ನೆ ಐದು ಆರು.”

“ಆಮೇಲೆ?”

“ಅಷ್ಟೇ.”

“ಇನ್ನೂ ಮೂರು ಅಂಕಿ ಬೇಕಲ್ಲಕ್ಕಾ. ಇದಕ್ಕೆ ಫೋನ್ ಹೆಂಗೆ ಹೋಗುತ್ತೆ?”